ಮೌಂಟ್ ವಿಲ್ಸನ್: ಕೆಂಪು ಕುಬ್ಜಗಳನ್ನು ಅಳೆದ ಬೆಟ್ಟ

ಅಮೆರಿಕದ ಲಾಸ್ ಏಂಜಲೀಸ್ ನಗರದ ಈಶಾನ್ಯ ದಿಕ್ಕಿಗೆ ಸ್ಯಾನ್ ಗೇಬ್ರಿಯಲ್ ಪರ್ವತಸಾಲು ಗೋಡೆ ಕಟ್ಟಿದಂತೆ ನಿಂತಿದೆ. ಆ ಸಾಲಿನ ಒಂದು ಶಿಖರಕ್ಕೆ ಮೌಂಟ್ ವಿಲ್ಸನ್ ಎಂದು ಹೆಸರು. ಸಮುದ್ರಮಟ್ಟದಿಂದ ಅದರ ಎತ್ತರ 1,742 ಮೀಟರ್. ಲಾ ಕ್ಯಾನ್ಯಾಡಾ ಎಂಬ ಊರಿನ ಬಳಿ ಬಯಲನ್ನು ಬಿಟ್ಟು ಬೆಟ್ಟದ ದಾರಿ ಹಿಡಿದರೆ ತಿರುವಿನ ಮೇಲೆ ತಿರುವು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಮರಿ. ಕೆಳಗೆ ಕುರುಚಲು ಗಿಡಗಳು, ಮೇಲೇರಿದಂತೆ ಓಕ್ ಮತ್ತು ಪೈನ್ ಮರಗಳು. ತುದಿಯನ್ನು ಮುಟ್ಟುವಾಗ ಮೊದಲು ಕಣ್ಣಿಗೆ ಬೀಳುವುದು ನಕ್ಷತ್ರವೀಕ್ಷಣೆಯ ಗುಮ್ಮಟಗಳಲ್ಲ, ಟೆಲಿವಿಷನ್ ಮತ್ತು ರೇಡಿಯೊ ಕೇಂದ್ರಗಳ ಕಬ್ಬಿಣದ ಗೋಪುರಗಳು. ಅವುಗಳನ್ನು ದಾಟಿ ಮುಂದೆ ನಡೆದರೆ ಮರಗಳ ನಡುವಿನಿಂದ ಬಿಳಿಯ ಗುಮ್ಮಟಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಸಂಜೆಯ ಹೊತ್ತಿಗೆ ಬೆಟ್ಟದ ಅಂಚಿನಲ್ಲಿ ನಿಂತವರಿಗೆ ಕೆಳಗೆ ಇಡೀ ಮಹಾನಗರ ದೀಪ ಹಚ್ಚಿಕೊಳ್ಳುವುದು ಕಾಣುತ್ತದೆ. ದೀಪಗಳ ಸಾಲು ಪೆಸಿಫಿಕ್ ಸಾಗರದ ಅಂಚಿನವರೆಗೂ ಹರಡಿರುತ್ತದೆ. ಕೆಲವು ರಾತ್ರಿ ಸಾಗರದ ಮಂಜು ಒಳನಾಡಿಗೆ ನುಗ್ಗಿ ನಗರವನ್ನು ಹೊದಿಕೆಯಂತೆ ಮುಚ್ಚುತ್ತದೆ. ಆಗ ಬೆಟ್ಟದ ಮೇಲಿನವರ ಪಾಲಿಗೆ ಕೆಳಗೆ ಬಿಳಿಯ ಮೋಡದ ಕಡಲು, ಮೇಲೆ ಶುಭ್ರವಾದ ಆಕಾಶ. ತಂಪಾದ ಸಾಗರದ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ಪದರವಾಗಿ ನಿಲ್ಲುವುದರಿಂದ ಶಿಖರದ ಮೇಲಿನ ಗಾಳಿ ಕದಡುವುದು ಕಡಿಮೆ. ನಕ್ಷತ್ರಗಳು ಇಲ್ಲಿ ಬೇರೆಡೆಯಷ್ಟು ಮಿನುಗುವುದಿಲ್ಲ. ಮಿನುಗುವಿಕೆ ಕವಿಗೆ ಚೆಲುವಾಗಿ ಕಂಡೀತು. ಅಳತೆ ಮಾಡುವವನಿಗೆ ಅದು ಶತ್ರು. ಈ ಬೆಟ್ಟದ ಕಥೆಯೆಲ್ಲ ಆ ನಿಶ್ಚಲವಾದ ಗಾಳಿಯ ಮೇಲೆಯೇ ನಿಂತಿದೆ.

1904ರಲ್ಲಿ ಜಾರ್ಜ್ ಎಲರಿ ಹೇಲ್ ಎಂಬ ವಿಜ್ಞಾನಿ ಇಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ಆಗ ಬೆಟ್ಟಕ್ಕೆ ಇಂದಿನಂತಹ ರಸ್ತೆಯಿರಲಿಲ್ಲ. ಕಿರಿದಾದ ಹಾದಿಯಲ್ಲಿ ಹೇಸರಗತ್ತೆಗಳ ಬೆನ್ನ ಮೇಲೆ ಮರ, ಕಬ್ಬಿಣ, ಆಹಾರ ಎಲ್ಲವೂ ಏರಬೇಕಾಗಿತ್ತು. 1908ರಲ್ಲಿ 60 ಅಂಗುಲದ, 1917ರಲ್ಲಿ 100 ಅಂಗುಲದ ದೂರದರ್ಶಕಗಳು ಸಿದ್ಧವಾದವು. ಎರಡನೆಯದು ಸುಮಾರು ಮೂರು ದಶಕ ಜಗತ್ತಿನಲ್ಲೇ ಅತಿ ದೊಡ್ಡ ದೂರದರ್ಶಕವಾಗಿತ್ತು. ಆಂಡ್ರೊಮೆಡಾ ನೀಹಾರಿಕೆ ನಮ್ಮ ಆಕಾಶಗಂಗೆಯ ಹೊರಗಿನ ಇನ್ನೊಂದು ನಕ್ಷತ್ರಲೋಕ ಎಂಬುದನ್ನು ಎಡ್ವಿನ್ ಹಬಲ್ ತೋರಿಸಿಕೊಟ್ಟದ್ದು ಇದರ ಸಹಾಯದಿಂದಲೇ. ವಿಶ್ವ ಹಿಗ್ಗುತ್ತಿದೆ ಎಂಬ ತಿಳಿವಳಿಕೆಯೂ ಇದೇ ಗುಮ್ಮಟದಲ್ಲಿ ಗಟ್ಟಿಯಾಯಿತು.

ಆ ಕೆಲಸದಲ್ಲಿ ಹಬಲ್ ಅವರಿಗೆ ಜೊತೆಯಾದವರು ಮಿಲ್ಟನ್ ಹ್ಯೂಮಸನ್. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟ ಈ ಹುಡುಗ ಬೆಟ್ಟದ ಮೇಲಿನ ಗಾಳಿಗೆ ಮನಸೋತು, ಸಾಮಾನು ಹೊರುವ ಹೇಸರಗತ್ತೆಗಳನ್ನು ಹೊಡೆಯುವ ಕೆಲಸ ಹಿಡಿದರು. ಮುಂದೆ ವೀಕ್ಷಣಾಲಯದಲ್ಲಿ ಕಸಗುಡಿಸುವ ಕೆಲಸ ಸಿಕ್ಕಿತು. ರಾತ್ರಿ ದೂರದರ್ಶಕದ ಬಳಿ ನೆರವಿಗೆ ನಿಲ್ಲುತ್ತ ಛಾಯಾಚಿತ್ರ ತೆಗೆಯುವುದನ್ನು ಕಲಿತರು. ಅವರ ಕೈಯ ತಾಳ್ಮೆಯನ್ನು ಕಂಡ ಹಿರಿಯರು ಅವರನ್ನು ವಿಜ್ಞಾನಿಗಳ ಬಳಗಕ್ಕೆ ಸೇರಿಸಿಕೊಂಡರು. ಒಂದೇ ಗೆಲಾಕ್ಸಿಯ ರೋಹಿತವನ್ನು ಪಡೆಯಲು ಅವರು ಹಲವು ರಾತ್ರಿ ಚಳಿಯಲ್ಲಿ ಕುಳಿತದ್ದುಂಟು. 1950ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಎಲ್ಲರಿಗೂ ಬೆಟ್ಟ ಇಷ್ಟು ಉದಾರವಾಗಿರಲಿಲ್ಲ. ವಿಜ್ಞಾನಿಗಳು ತಂಗುವ ಮನೆಗೆ ಇಲ್ಲಿ ‘ಮಠ’ ಎಂಬರ್ಥದ ಹೆಸರಿದೆ. ಹೆಂಗಸರಿಗೆ ಅಲ್ಲಿ ಇಳಿದುಕೊಳ್ಳಲು ಅವಕಾಶವಿರಲಿಲ್ಲ ಎಂಬುದೇ ಆ ಹೆಸರಿನ ಹಿಂದಿನ ಸಂಗತಿ. 1950ರ ದಶಕದ ನಡುವಿನಲ್ಲಿ ಮಾರ್ಗರೆಟ್ ಬರ್ಬಿಜ್ ಎಂಬ ಖಗೋಳವಿಜ್ಞಾನಿ ಇಲ್ಲಿ ವೀಕ್ಷಣೆ ನಡೆಸಬೇಕಾದಾಗ ತಮ್ಮ ಪತಿಯ ಸಹಾಯಕಿ ಎಂಬ ನೆಪದಲ್ಲಿ ಬರಬೇಕಾಯಿತು. ನಿಜಕ್ಕೂ ದೂರದರ್ಶಕವನ್ನು ಬಲ್ಲವರು ಅವರೇ ಆಗಿದ್ದರು. ಈ ಸಂಗತಿಯನ್ನು ಓದುಗರು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕು. ಇದೇ ಬೆಟ್ಟದಲ್ಲಿ ಮುಂದೆ ನಡೆದ ಕೆಲಸವೊಂದು ಇದಕ್ಕೆ ಉತ್ತರದಂತಿದೆ.

ನಕ್ಷತ್ರವನ್ನು ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಅದು ಚುಕ್ಕೆಯಾಗಿಯೇ ಕಾಣುತ್ತದೆ. ಚುಕ್ಕೆಯ ಅಗಲವನ್ನು ಅಳೆಯುವುದು ಹೇಗೆ? ಆಲ್ಬರ್ಟ್ ಮೈಕಲ್ಸನ್ ಎಂಬ ಭೌತವಿಜ್ಞಾನಿ ಇದಕ್ಕೊಂದು ದಾರಿ ಸೂಚಿಸಿದ್ದರು. ಒಂದೇ ನಕ್ಷತ್ರದ ಬೆಳಕನ್ನು ದೂರದೂರ ಇಟ್ಟ ಎರಡು ಕನ್ನಡಿಗಳಿಂದ ಹಿಡಿದು ಒಂದೆಡೆ ಕೂಡಿಸಿದರೆ, ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಬೆಳಕು-ಕತ್ತಲೆಯ ಸಣ್ಣ ಪಟ್ಟಿಗಳು ಮೂಡುತ್ತವೆ. ಪದವಿಪೂರ್ವ ತರಗತಿಯ ಭೌತಶಾಸ್ತ್ರದಲ್ಲಿ ಇದಕ್ಕೆ ವ್ಯತಿಕರಣ ಎನ್ನುತ್ತಾರೆ. ನಕ್ಷತ್ರ ನಿಜವಾಗಿಯೂ ಬರಿಯ ಬಿಂದುವಾಗಿದ್ದರೆ ಕನ್ನಡಿಗಳನ್ನು ಎಷ್ಟು ದೂರ ಸರಿಸಿದರೂ ಪಟ್ಟಿಗಳು ಉಳಿಯಬೇಕು. ಅದಕ್ಕೆ ಅಗಲವಿದ್ದರೆ, ಅದರ ಒಂದು ಅಂಚಿನ ಬೆಳಕಿನಿಂದ ಮೂಡಿದ ಪಟ್ಟಿಗಳೂ ಇನ್ನೊಂದು ಅಂಚಿನಿಂದ ಮೂಡಿದ ಪಟ್ಟಿಗಳೂ ಒಂದನ್ನೊಂದು ಅಳಿಸತೊಡಗುತ್ತವೆ. ಕನ್ನಡಿಗಳು ಒಂದು ನಿರ್ದಿಷ್ಟ ದೂರಕ್ಕೆ ಬಂದಾಗ ಪಟ್ಟಿಗಳು ಪೂರ್ತಿ ಮಾಯವಾಗುತ್ತವೆ. ಆ ದೂರವನ್ನು ಅಳೆದರೆ ನಕ್ಷತ್ರದ ಅಗಲ ಸಿಕ್ಕಿತು.

100 ಅಂಗುಲದ ದೂರದರ್ಶಕದ ಬಾಯಿಗೆ ಅಡ್ಡಲಾಗಿ 20 ಅಡಿ ಉದ್ದದ ಉಕ್ಕಿನ ತೊಲೆಯನ್ನು ಕಟ್ಟಿ, ಅದರ ಮೇಲೆ ಸರಿದಾಡುವ ಕನ್ನಡಿಗಳನ್ನು ಜೋಡಿಸಲಾಯಿತು. 1920ರ ಡಿಸೆಂಬರ್ 13ರ ರಾತ್ರಿ ಫ್ರಾನ್ಸಿಸ್ ಪೀಸ್ ಮತ್ತು ಜಾನ್ ಆಂಡರ್ಸನ್ ಅದನ್ನು ಮಹಾವ್ಯಾಧ ನಕ್ಷತ್ರಪುಂಜದ ಕೆಂಪು ತಾರೆಯತ್ತ ತಿರುಗಿಸಿದರು. ಪಾಶ್ಚಾತ್ಯರು ಬೀಟಲ್‌ಜ್ಯೂಸ್ ಎನ್ನುವ ಆ ತಾರೆ ನಮ್ಮ ರೈತರು ಮಳೆಯ ಲೆಕ್ಕದಲ್ಲಿ ಹೆಸರಿಸುವ ಆರಿದ್ರಾ. ಕನ್ನಡಿಗಳ ನಡುವಿನ ಅಂತರ 121 ಅಂಗುಲ, ಅಂದರೆ ಸುಮಾರು ಮೂರು ಮೀಟರ್ ಆದಾಗ ಪಟ್ಟಿಗಳು ಕಾಣದಾದವು. ಸೂರ್ಯನನ್ನು ಬಿಟ್ಟರೆ ಮತ್ತೊಂದು ನಕ್ಷತ್ರದ ಅಗಲವನ್ನು ಮನುಷ್ಯರು ಹೀಗೆ ನೇರವಾಗಿ ಅಳೆದದ್ದು ಅದೇ ಮೊದಲು. ಅದರ ಕೋನವ್ಯಾಸ 0.047 ವಿಕಲೆ. ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲಿಗೆ ಪಂಚಾಂಗದ ಗಣಿತದಲ್ಲಿ ವಿಕಲೆ ಎಂದು ಹೆಸರು. ಆರಿದ್ರಾ ತಾರೆಯನ್ನು ಸೂರ್ಯನ ಜಾಗದಲ್ಲಿ ತಂದಿಟ್ಟರೆ ಭೂಮಿಯ ಕಕ್ಷೆಯೂ ಅದರ ಹೊಟ್ಟೆಯೊಳಗೆ ಅಡಗೀತು ಎಂದು ಅಂದು ಲೆಕ್ಕ ಹಾಕಿದರು.

ದೈತ್ಯ ನಕ್ಷತ್ರಕ್ಕೆ ಮೂರು ಮೀಟರ್ ಸಾಕಾಯಿತು. ಚಿಕ್ಕ ನಕ್ಷತ್ರವಾದರೆ? ಇಲ್ಲಿ ಲೆಕ್ಕ ತಿರುಗುಮುರುಗು. ನಕ್ಷತ್ರ ಕಿರಿದಾದಷ್ಟೂ ಕನ್ನಡಿಗಳ ನಡುವಿನ ದೂರ ಹಿರಿದಾಗಬೇಕು. ಸೂರ್ಯನಂತಹ ನಕ್ಷತ್ರಗಳನ್ನು, ಅವುಗಳಿಗಿಂತಲೂ ಚಿಕ್ಕದಾದ ಕೆಂಪು ಕುಬ್ಜಗಳನ್ನು ಅಳೆಯಲು ನೂರಾರು ಮೀಟರ್ ಅಂತರ ಬೇಕು. ಅದಕ್ಕೆ ತೊಲೆ ಸಾಲದು, ಇಡೀ ಬೆಟ್ಟವೇ ಬೇಕು.

ಕೆಂಪು ಕುಬ್ಜಗಳೆಂದರೆ ಸೂರ್ಯನ ಅರ್ಧದಷ್ಟೋ ಹತ್ತನೆಯ ಒಂದು ಪಾಲಿನಷ್ಟೋ ಗಾತ್ರವಿರುವ ತಣ್ಣನೆಯ ನಕ್ಷತ್ರಗಳು. ತಣ್ಣನೆಯವು ಎಂದರೂ ಕಬ್ಬಿಣವನ್ನು ಕರಗಿಸುವಷ್ಟು ಬಿಸಿಯೇ. ಸೂರ್ಯನ ಮೇಲ್ಮೈ 5,772 ಕೆಲ್ವಿನ್ ಇದ್ದರೆ ಇವುಗಳಲ್ಲಿ ಹೆಚ್ಚಿನವು 4,000 ಕೆಲ್ವಿನ್‌ಗಿಂತ ಕೆಳಗಿವೆ. ಸೂರ್ಯನ ನೆರೆಹೊರೆಯ ನಕ್ಷತ್ರಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಇವೇ. ಆದರೆ ಬರಿಗಣ್ಣಿಗೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಅಂಗಳದಲ್ಲಿ ಮಲಗಿ ಆಕಾಶ ನೋಡುವ ಮಗು ಎಣಿಸುವುದೆಲ್ಲ ಊರಿನ ದೊಡ್ಡಮನೆಗಳ ದೀಪಗಳನ್ನು ಮಾತ್ರ. ಕತ್ತಲೆಯಲ್ಲಿ ಅಡಗಿರುವ ಸಣ್ಣಮನೆಗಳೇ ಊರಿನಲ್ಲಿ ಹೆಚ್ಚು.

ಗ್ರಹಗಳನ್ನು ಹುಡುಕುವವರಿಗೆ ಈ ಸಣ್ಣಮನೆಗಳ ಮೇಲೆ ಹೆಚ್ಚು ಆಸೆ. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸಂಕ್ರಮವನ್ನು ನೋಡಿದ ತಂದೆತಾಯಂದಿರಿಗೆ, ಸೂರ್ಯನ ಮುಖದ ಮೇಲೆ ಸರಿದ ಸಣ್ಣ ಕಪ್ಪು ಚುಕ್ಕೆ ನೆನಪಿರಬಹುದು. ದೂರದ ನಕ್ಷತ್ರದ ಮುಂದೆ ಗ್ರಹವೊಂದು ಹೀಗೆ ಹಾದುಹೋದಾಗ ಚುಕ್ಕೆ ಕಾಣಿಸದು; ಆದರೆ ನಕ್ಷತ್ರದ ಬೆಳಕು ಒಂದಿಷ್ಟು ತಗ್ಗುತ್ತದೆ. ಸೂರ್ಯನ ಮುಂದೆ ಭೂಮಿ ಹಾದರೆ ತಗ್ಗುವ ಬೆಳಕು ಸುಮಾರು ಹನ್ನೆರಡು ಸಾವಿರದಲ್ಲಿ ಒಂದು ಪಾಲು. ಸೂರ್ಯನ ಹತ್ತನೆಯ ಒಂದು ಪಾಲು ಅಗಲದ ನಕ್ಷತ್ರದ ಮುಂದೆ ಅದೇ ಭೂಮಿ ಹಾದರೆ ನೂರರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. ಚಿಕ್ಕ ಗ್ರಹವನ್ನು ಚಿಕ್ಕ ನಕ್ಷತ್ರದ ಬಳಿ ಕಂಡುಹಿಡಿಯುವುದು ಅಷ್ಟರಮಟ್ಟಿಗೆ ಸುಲಭ.

ಆದರೆ ಇಲ್ಲಿಯೇ ಒಂದು ತೊಡಕು. ಬೆಳಕು ತಗ್ಗಿದ ಪ್ರಮಾಣದಿಂದ ತಿಳಿಯುವುದು ಗ್ರಹ ತನ್ನ ನಕ್ಷತ್ರದ ಎಷ್ಟನೆಯ ಪಾಲು ಎಂಬುದು ಮಾತ್ರ. ಗ್ರಹದ ನಿಜವಾದ ಗಾತ್ರ ಬೇಕಾದರೆ ನಕ್ಷತ್ರದ ಗಾತ್ರ ಗೊತ್ತಿರಬೇಕು. ನಕ್ಷತ್ರದ ತ್ರಿಜ್ಯವನ್ನು ನೂರಕ್ಕೆ ಹತ್ತರಷ್ಟು ತಪ್ಪಾಗಿ ತಿಳಿದರೆ ಗ್ರಹದ ತ್ರಿಜ್ಯವೂ ಅಷ್ಟೇ ತಪ್ಪುತ್ತದೆ. ಗಾತ್ರವೆಂದರೆ ತ್ರಿಜ್ಯದ ಘನ; ಆದ್ದರಿಂದ ಗಾತ್ರದಲ್ಲಿ ಸುಮಾರು ನೂರಕ್ಕೆ 33ರಷ್ಟು ತಪ್ಪು. ಆಗ ಸಾಂದ್ರತೆಯೂ ಕೆಡುತ್ತದೆ. ಬಂಡೆಯ ಗ್ರಹವನ್ನು ನೀರಿನ ಗ್ರಹವೆಂದೂ, ಅನಿಲದ ಗ್ರಹವನ್ನು ಬಂಡೆಯದೆಂದೂ ತಿಳಿಯುವ ಅಪಾಯವಿದೆ. ಅಲ್ಲಿ ನೀರು ದ್ರವವಾಗಿ ನಿಂತೀತೇ ಎಂಬ ಪ್ರಶ್ನೆಗೂ ನಕ್ಷತ್ರದ ಗಾತ್ರ ಮತ್ತು ತಾಪಗಳೇ ಉತ್ತರ ಹೇಳಬೇಕು. ಇನ್ನೊಂದು ಭೂಮಿಯನ್ನು ಹುಡುಕುವ ಕೆಲಸದ ಬುಡದಲ್ಲಿ ನಕ್ಷತ್ರವನ್ನು ಸರಿಯಾಗಿ ಅಳೆಯುವ ಕೆಲಸವಿದೆ. ಬುಡ ಅಲುಗಿದರೆ ಮೇಲಿನದೆಲ್ಲ ಅಲುಗುತ್ತದೆ.

ಈ ಅಳತೆಗಾಗಿಯೇ ಎಂಬಂತೆ ಮೌಂಟ್ ವಿಲ್ಸನ್ ಮತ್ತೆ ಎಚ್ಚರಗೊಂಡಿತು. 1985ರ ಹೊತ್ತಿಗೆ ನಗರದ ದೀಪಗಳ ಕಾಟದಿಂದ 100 ಅಂಗುಲದ ದೂರದರ್ಶಕದ ಕೆಲಸವನ್ನು ಕಾರ್ನೆಗಿ ಸಂಸ್ಥೆ ನಿಲ್ಲಿಸಿತ್ತು. ಮಂಕು ಗೆಲಾಕ್ಸಿಗಳನ್ನು ನೋಡುವವರಿಗೆ ಆ ಆಕಾಶ ಕೆಟ್ಟುಹೋಗಿತ್ತು, ನಿಜ. ಆದರೆ ಹತ್ತಿರದ ನಕ್ಷತ್ರಗಳ ಅಗಲವನ್ನು ಅಳೆಯುವವರಿಗೆ ಬೇಕಾದದ್ದು ಕತ್ತಲೆಗಿಂತ ಹೆಚ್ಚಾಗಿ ನಿಶ್ಚಲವಾದ ಗಾಳಿ. ಅದು ಬೆಟ್ಟವನ್ನು ಬಿಟ್ಟು ಹೋಗಿರಲಿಲ್ಲ. ಅಟ್ಲಾಂಟದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಹೆರಾಲ್ಡ್ ಮೆಕ್ಯಾಲಿಸ್ಟರ್ ಅವರ ಮುಂದಾಳುತನದಲ್ಲಿ 1996ರಲ್ಲಿ ಇಲ್ಲಿ ಹೊಸ ಕಟ್ಟಡದ ಕೆಲಸ ಆರಂಭವಾಯಿತು. ಅದರ ಹೆಸರು ಚಾರಾ.

ಚಾರಾ ಒಂದು ದೂರದರ್ಶಕವಲ್ಲ, ಆರು. ತಲಾ ಒಂದು ಮೀಟರ್ ಅಗಲದ ಆರು ದೂರದರ್ಶಕಗಳು ಬೆಟ್ಟದ ಮೂರು ದಿಕ್ಕುಗಳಲ್ಲಿ ಎರಡೆರಡಾಗಿ ನಿಂತಿವೆ. ಅತಿ ದೂರದ ಎರಡರ ನಡುವೆ 331 ಮೀಟರ್. ಪ್ರತಿ ಗುಮ್ಮಟದಿಂದ ಗಾಳಿಯನ್ನು ಹೊರತೆಗೆದ ಕೊಳವೆಯೊಂದು ಮರಗಳ ನಡುವೆ ಹಾದು ನಡುವಿನ ಕಟ್ಟಡಕ್ಕೆ ಬರುತ್ತದೆ. ನೋಡುವವರಿಗೆ ನೀರಾವರಿಯ ಕೊಳವೆಗಳಂತೆ ಕಾಣುವ ಅವುಗಳೊಳಗೆ ಹರಿಯುವುದು ನಕ್ಷತ್ರದ ಬೆಳಕು. ನಕ್ಷತ್ರ ನೆತ್ತಿಯ ಮೇಲಿಲ್ಲದಾಗ ಒಂದು ದೂರದರ್ಶಕಕ್ಕೆ ಬೆಳಕು ಮೊದಲು ತಲಪುತ್ತದೆ, ಇನ್ನೊಂದಕ್ಕೆ ತಡವಾಗಿ. ಎರಡೂ ಒಂದೇ ಗಳಿಗೆಯಲ್ಲಿ ಕೂಡದಿದ್ದರೆ ಪಟ್ಟಿಗಳು ಮೂಡವು. ಅದಕ್ಕಾಗಿ ಉದ್ದನೆಯ ಕಟ್ಟಡದೊಳಗೆ ಹಳಿಗಳ ಮೇಲೆ ಕನ್ನಡಿ ಹೊತ್ತ ಗಾಡಿಗಳಿವೆ. ಆಕಾಶ ತಿರುಗಿದಂತೆ ಅವು ಸರಿಯುತ್ತ, ಮುಂಚೆ ಬಂದ ಬೆಳಕನ್ನು ಅಷ್ಟೇ ದೂರ ಸುತ್ತಾಡಿಸಿ ತಡಮಾಡಿಸುತ್ತವೆ. ಈ ಹೊಂದಾಣಿಕೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಹೆಚ್ಚು ತಪ್ಪಬಾರದು.

ಚಾರಾದ ಮೊದಲ ಫಲಿತಾಂಶಗಳಲ್ಲಿ ಒಂದು ಸಿಂಹರಾಶಿಯ ಮಘಾ ನಕ್ಷತ್ರದ್ದು. ಅದು ಎಷ್ಟು ವೇಗವಾಗಿ ತಿರುಗುತ್ತಿದೆಯೆಂದರೆ ಅದರ ನಡು ಉಬ್ಬಿ, ಧ್ರುವಗಳ ವ್ಯಾಸಕ್ಕಿಂತ ನಡುವಿನ ವ್ಯಾಸ ನೂರಕ್ಕೆ ಮೂವತ್ತರಷ್ಟು ಹೆಚ್ಚಾಗಿದೆ. ಆ ಬಳಿಕ ಕೆಂಪು ಕುಬ್ಜಗಳ ಸರದಿ ಬಂತು.

ಸಿಂಹರಾಶಿಯಲ್ಲಿಯೇ ಜಿಜೆ 436 ಎಂಬ ಕೆಂಪು ಕುಬ್ಜವಿದೆ. ಅದರ ಸುತ್ತ ಒಂದು ಗ್ರಹವಿರುವುದು 2004ರಲ್ಲಿ ತಿಳಿಯಿತು. ಅದು ನಕ್ಷತ್ರದ ಮುಂದೆ ಹಾದುಹೋಗುತ್ತದೆ ಎಂಬುದು 2007ರಲ್ಲಿ. ಎರಡೂವರೆ ದಿನಕ್ಕೆ ತುಸು ಹೆಚ್ಚು ಕಾಲದಲ್ಲಿ ಒಂದು ಸುತ್ತು ಮುಗಿಸುವ ಆ ಗ್ರಹ ಪ್ರತಿ ಸುತ್ತಿಗೂ ನಕ್ಷತ್ರದ ಬೆಳಕನ್ನು ಸುಮಾರು ನೂರಕ್ಕೆ 0.7ರಷ್ಟು ತಗ್ಗಿಸುತ್ತದೆ. ಚಾರಾದಲ್ಲಿ ಈ ನಕ್ಷತ್ರವನ್ನು ಅಳೆದ ತಂಡ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಕೋನವ್ಯಾಸ 0.000417 ವಿಕಲೆ. ಆರಿದ್ರಾ ತಾರೆಗಿಂತ ನೂರು ಪಟ್ಟಿಗೂ ಮಿಕ್ಕಿ ಕಿರಿದು. ಹತ್ತು ರೂಪಾಯಿಯ ನಾಣ್ಯವನ್ನು ಸುಮಾರು 13,000 ಕಿಲೋಮೀಟರ್ ದೂರದಲ್ಲಿ, ಅಂದರೆ ಭೂಗೋಳದ ವ್ಯಾಸಕ್ಕಿಂತ ತುಸು ಹೆಚ್ಚು ದೂರದಲ್ಲಿ, ಹಿಡಿದರೆ ಅದು ಎಷ್ಟು ಅಗಲ ಕಾಣಬೇಕೋ ಅಷ್ಟು.

ಇಷ್ಟು ಕಿರಿದಾದ ನಕ್ಷತ್ರಕ್ಕೆ 331 ಮೀಟರ್ ಅಂತರವೂ ಸಾಲದು; ಪಟ್ಟಿಗಳು ಪೂರ್ತಿ ಮಾಯವಾಗುವುದಿಲ್ಲ. ಆದರೆ ಅವು ಎಷ್ಟು ಮಸುಕಾದವು ಎಂಬುದನ್ನು ಅಳೆದರೂ ವ್ಯಾಸವನ್ನು ಲೆಕ್ಕ ಹಾಕಬಹುದು. ಗಾಳಿಯ ಕದಡುವಿಕೆಯಿಂದಲೂ ಪಟ್ಟಿಗಳು ಮಸುಕಾಗುವುದರಿಂದ ಮೋಸ ಹೋಗುವ ಭಯವಿದೆ. ಆದಕಾರಣ ವೀಕ್ಷಕರು ಮೊದಲು ವ್ಯಾಸ ಗೊತ್ತಿರುವ ಪಕ್ಕದ ನಕ್ಷತ್ರವೊಂದನ್ನು ನೋಡುತ್ತಾರೆ, ಬಳಿಕ ತಮ್ಮ ಗುರಿಯನ್ನು, ಬಳಿಕ ಮತ್ತೆ ಗೊತ್ತಿರುವುದನ್ನು. ಸರಕು ತೂಗುವ ಮೊದಲೂ ಆಮೇಲೂ ತಕ್ಕಡಿಯ ತಟ್ಟೆಗಳು ಸಮವಾಗಿವೆಯೇ ಎಂದು ನೋಡುವ ಪ್ರಾಮಾಣಿಕ ವ್ಯಾಪಾರಿಯ ಕ್ರಮವಿದು.

ಮುಂದಿನ ಲೆಕ್ಕ ಹತ್ತನೆಯ ತರಗತಿಯ ವಿದ್ಯಾರ್ಥಿಯ ಕೈಗೆಟುಕುವಂಥದು. ಕೋನವನ್ನು ರೇಡಿಯನ್ನಿಗೆ ತಿರುಗಿಸಿ ದೂರದಿಂದ ಗುಣಿಸಿದರೆ ಅಗಲ ಬರುತ್ತದೆ. ಆಗ ತಿಳಿದಿದ್ದಂತೆ ನಕ್ಷತ್ರದ ದೂರ ಸುಮಾರು 33 ಜ್ಯೋತಿರ್ವರ್ಷ. ಅದರಿಂದ ವ್ಯಾಸ ಸುಮಾರು 6,30,000 ಕಿಲೋಮೀಟರ್, ಸೂರ್ಯನ ಅರ್ಧಕ್ಕಿಂತ ತುಸು ಕಡಿಮೆ. ಬೆಳಕು ತಗ್ಗಿದ ಪಾಲು 0.007, ಅದರ ವರ್ಗಮೂಲ ಸುಮಾರು 0.084, ಅಂದರೆ ಹೆಚ್ಚುಕಡಿಮೆ ಹನ್ನೆರಡನೆಯ ಒಂದು ಪಾಲು. ಆದ್ದರಿಂದ ಗ್ರಹದ ವ್ಯಾಸ ಸುಮಾರು 52,500 ಕಿಲೋಮೀಟರ್. ಭೂಮಿಯ ನಾಲ್ಕು ಪಟ್ಟು, ನೆಪ್ಚೂನ್‌ಗಿಂತ ತುಸು ದೊಡ್ಡದು. ನಕ್ಷತ್ರದಿಂದ ಭೂಮಿಗೆ ತಲಪುವ ಒಟ್ಟು ಬೆಳಕನ್ನು ಕೋನವ್ಯಾಸದೊಡನೆ ಸೇರಿಸಿ ಲೆಕ್ಕ ಮಾಡಿದರೆ ಮೇಲ್ಮೈಯ ತಾಪವೂ ದೊರೆಯುತ್ತದೆ: 3,416 ಕೆಲ್ವಿನ್.

ತ್ರಿಜ್ಯದಲ್ಲಿ ನೂರಕ್ಕೆ ನಾಲ್ಕರಷ್ಟು ಅನಿಶ್ಚಿತತೆ ಉಳಿದಿದೆ ಎಂದು ಆ ತಂಡ ಫಲಿತಾಂಶದ ಜೊತೆಯಲ್ಲೇ ಬರೆದಿಟ್ಟಿತು. ಮುಂದೆ ಯುರೋಪಿನ ಗಾಯಾ ಉಪಗ್ರಹ ನಕ್ಷತ್ರದ ದೂರವನ್ನು ಇನ್ನೂ ನಿಖರವಾಗಿ ಅಳೆದು ಸುಮಾರು 32 ಜ್ಯೋತಿರ್ವರ್ಷವೆಂದು ತಿದ್ದಿತು. ದೂರ ತಗ್ಗಿದಷ್ಟು ನಕ್ಷತ್ರವೂ ಗ್ರಹವೂ ಕಿರಿದಾದವು. ಹೀಗೆ ತಿದ್ದಿಸಿಕೊಂಡರೂ ಹಳೆಯ ಅಳತೆಗೆ ಅವಮಾನವಿಲ್ಲ. ಬದಲಾದದ್ದು ದೂರ, ಬೆಟ್ಟದ ಮೇಲೆ ಅಳೆದ ಕೋನ ಹಾಗೆಯೇ ನಿಂತಿತು.

ಒಂದೊಂದು ನಕ್ಷತ್ರದ ಅಳತೆಗಿಂತಲೂ ದೊಡ್ಡ ಸಂಗತಿ ಅವುಗಳನ್ನು ಒಟ್ಟಿಗೆ ನೋಡಿದಾಗ ತಿಳಿಯಿತು. 2006ರಲ್ಲಿ ಚಾರಾದಲ್ಲಿ ಆರು ಕೆಂಪು ಕುಬ್ಜಗಳನ್ನು ಅಳೆದವರು, ಸಿದ್ಧಾಂತ ಹೇಳುವುದಕ್ಕಿಂತ ಅವು ದೊಡ್ಡವಾಗಿರುವುದನ್ನು ಕಂಡರು. 2012ರಲ್ಲಿ ತಬೆತಾ ಬೊಯಾಜಿಯನ್ ಅವರ ನೇತೃತ್ವದ ತಂಡ 21 ಚಿಕ್ಕ ನಕ್ಷತ್ರಗಳ ಅಳತೆಯನ್ನು ಪ್ರಕಟಿಸಿತು. ಇಂತಹ ನಕ್ಷತ್ರಗಳು ಸಿದ್ಧಾಂತದ ಲೆಕ್ಕಕ್ಕಿಂತ ಸುಮಾರು ನೂರಕ್ಕೆ ಐದರಷ್ಟು ದೊಡ್ಡವು, ನೂರಕ್ಕೆ ಮೂರರಷ್ಟು ತಣ್ಣನೆಯವು. ಕಂಪ್ಯೂಟರಿನಲ್ಲಿ ಕಟ್ಟಿದ ನಕ್ಷತ್ರವೂ ಆಕಾಶದ ನಕ್ಷತ್ರವೂ ಒಂದಕ್ಕೊಂದು ಪೂರ್ತಿ ಹೊಂದಲಿಲ್ಲ. ನಕ್ಷತ್ರದ ಕಾಂತಕ್ಷೇತ್ರ, ಮೇಲ್ಮೈಯ ಕಲೆಗಳು ಇದಕ್ಕೆ ಕಾರಣವಿರಬಹುದೆಂಬ ಚರ್ಚೆ ನಡೆದಿದೆ. ಹೆಂಗಸರಿಗೆ ಒಮ್ಮೆ ಬಾಗಿಲು ಮುಚ್ಚಿದ್ದ ಬೆಟ್ಟದಿಂದ, ಒಬ್ಬ ಹೆಂಗಸಿನ ಮುಂದಾಳುತನದಲ್ಲಿ ಬಂದ ಈ ಅಳತೆಗಳು ಇಂದು ಉಳಿದವರಿಗೆ ಮಾನದಂಡವಾಗಿವೆ.

ಮಾನದಂಡವೆಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಹೆಚ್ಚಿನ ಕೆಂಪು ಕುಬ್ಜಗಳು ಚಾರಾಗೂ ಎಟುಕದಷ್ಟು ಮಂಕು. ಅವುಗಳ ರೋಹಿತವನ್ನು ಪಡೆದು, ನೇರವಾಗಿ ಅಳೆದ ಬೆರಳೆಣಿಕೆಯ ನಕ್ಷತ್ರಗಳ ರೋಹಿತದೊಡನೆ ಹೋಲಿಸಿ ಗಾತ್ರವನ್ನೂ ತಾಪವನ್ನೂ ಅಂದಾಜು ಮಾಡುತ್ತಾರೆ. ಸಂತೆಯ ಪಡಿ, ಸೇರುಗಳೆಲ್ಲ ಎಲ್ಲೋ ಒಂದೆಡೆ ಮುದ್ರೆಯೊತ್ತಿ ಇಟ್ಟ ಮೂಲ ಅಳತೆಗೆ ಸರಿಹೊಂದಬೇಕಷ್ಟೆ. ಕೆಂಪು ಕುಬ್ಜಗಳ ಮೂಲ ಅಳತೆಗಳಲ್ಲಿ ಹಲವು ಈ ಬೆಟ್ಟದ ಮೇಲೆ ಸಿದ್ಧವಾದವು.

ಅವುಗಳಲ್ಲಿ ಒಂದು ಉರಗಧರ ಪುಂಜದ ಬರ್ನಾರ್ಡ್ ನಕ್ಷತ್ರ. ದೂರ ಆರು ಜ್ಯೋತಿರ್ವರ್ಷ, ಅಗಲ ಸೂರ್ಯನ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಅದರ ವೇಗದ ಚಲನೆಯನ್ನು 1916ರಲ್ಲಿ ಕಂಡುಹಿಡಿದ ಎಡ್ವರ್ಡ್ ಬರ್ನಾರ್ಡ್ ಬಡತನದಿಂದಾಗಿ ಒಂಬತ್ತನೆಯ ವಯಸ್ಸಿಗೇ ಛಾಯಾಚಿತ್ರದ ಅಂಗಡಿಯಲ್ಲಿ ದುಡಿಮೆಗೆ ನಿಂತವರು. 1905ರಲ್ಲಿ ಅವರು ಇದೇ ಮೌಂಟ್ ವಿಲ್ಸನ್‌ನಲ್ಲಿ ತಿಂಗಳುಗಟ್ಟಲೆ ತಂಗಿ ಆಕಾಶಗಂಗೆಯ ಚಿತ್ರಗಳನ್ನು ತೆಗೆದಿದ್ದರು. ಅವರ ನಕ್ಷತ್ರಕ್ಕೆ ಭೂಮಿಗಿಂತಲೂ ಹಗುರವಾದ ನಾಲ್ಕು ಗ್ರಹಗಳಿವೆ ಎಂಬುದು 2024 ಮತ್ತು 2025ರಲ್ಲಿ ಬೇರೆ ವೀಕ್ಷಣಾಲಯಗಳಿಂದ ತಿಳಿದುಬಂತು.

ಇಷ್ಟೆಲ್ಲ ಕಂಡ ಬೆಟ್ಟ ಬೆಂಕಿಯ ದಾರಿಯಲ್ಲಿದೆ. 2009ರ ಕಾಡ್ಗಿಚ್ಚು ಶಿಖರದ ಸುತ್ತಲಿನ ಕಾಡನ್ನು ಸುಟ್ಟಿತು. ಆ ಬೆಂಕಿಯಲ್ಲಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. 2020ರ ಸೆಪ್ಟೆಂಬರಿನಲ್ಲಿ ಮತ್ತೊಂದು ಬೆಂಕಿ ವೀಕ್ಷಣಾಲಯಕ್ಕೆ ಸುಮಾರು 500 ಅಡಿಗಳಷ್ಟು ಹತ್ತಿರ ಬಂತು. 2025ರ ಜನವರಿಯಲ್ಲಿ ಬೆಟ್ಟದ ಬುಡದ ಆಲ್ಟಡೀನಾ ಊರಿನ ಸಾವಿರಾರು ಮನೆಗಳು ಬೂದಿಯಾದವು. ಪ್ರತಿ ಸಲವೂ ಗುಮ್ಮಟಗಳು ಉಳಿದುಕೊಂಡದ್ದು ಸಿಬ್ಬಂದಿ ಬೇಸಿಗೆಯುದ್ದಕ್ಕೂ ಕಡಿದು ತೆಗೆಯುವ ಕುರುಚಲಿನಿಂದ, ಬೆಂಕಿ ನಂದಿಸುವವರ ದುಡಿಮೆಯಿಂದ. ನೂರು ವರ್ಷದ ಕನ್ನಡಿಯನ್ನು ಕಾಯುವ ಕೆಲಸದಲ್ಲಿ ಕತ್ತಿ ಹಿಡಿದು ಪೊದೆ ಸವರುವವನ ಪಾಲೂ ಇದೆ.

ಈ ಬೆಟ್ಟಕ್ಕೂ ನಮ್ಮ ಕಡೆಯ ಇನ್ನೊಂದು ಬೆಟ್ಟಕ್ಕೂ ನಂಟಿದೆ. ಮೌಂಟ್ ವಿಲ್ಸನ್‌ನ ಓಲಿನ್ ವಿಲ್ಸನ್ ಅವರೊಡನೆ ಭಾರತದ ವೇಣು ಬಾಪು 1957ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ತಣ್ಣನೆಯ ನಕ್ಷತ್ರದ ರೋಹಿತದಲ್ಲಿ ಕ್ಯಾಲ್ಸಿಯಂ ಮೂಡಿಸುವ ಒಂದು ಗೆರೆಯ ನಡುವಿನ ಹೊಳಪಿನ ಅಗಲವನ್ನು ಅಳೆದರೆ, ಆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ ಎಂಬುದು ಅದರ ತಿರುಳು. ವಿಲ್ಸನ್-ಬಾಪು ಪರಿಣಾಮವೆಂಬ ಹೆಸರಿನಿಂದ ಅದು ಇಂದಿಗೂ ಪಠ್ಯಗಳಲ್ಲಿದೆ. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆ ಹೊತ್ತ ಬಾಪು, ಮುಂದೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯವನ್ನು ಕಟ್ಟಿದರು. ಅಲ್ಲಿನ ಒಂದು ಮೀಟರ್ ದೂರದರ್ಶಕದಿಂದ 1977ರ ಮಾರ್ಚ್ 10ರಂದು, ಯುರೇನಸ್ ಗ್ರಹದ ಹಿಂದೆ ಸರಿಯಲಿದ್ದ ನಕ್ಷತ್ರವೊಂದು ಮೊದಲೇ ಕಣ್ಣುಮಿಟುಕಿಸಿದ್ದು ಕಂಡಿತು. ಯುರೇನಸ್ಸಿನ ಉಂಗುರಗಳು ಬೆಳಕಿಗೆ ಬಂದದ್ದು ಜಗತ್ತಿನ ಹಲವೆಡೆ ಆ ರಾತ್ರಿ ನಡೆದ ಇಂತಹ ವೀಕ್ಷಣೆಗಳಿಂದ. ಬಾಪು 1982ರಲ್ಲಿ ತೀರಿಕೊಂಡರು. ಅವರು ಕನಸಿದ 2.34 ಮೀಟರ್ ದೂರದರ್ಶಕ 1986ರಲ್ಲಿ ಕಾವಲೂರಿನಲ್ಲಿ ಉದ್ಘಾಟನೆಗೊಂಡು ಅವರ ಹೆಸರನ್ನೇ ಪಡೆಯಿತು.

ಕಾವಲೂರನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆಯ ನೆಲೆ ಬೆಂಗಳೂರಿನಲ್ಲಿದೆ. ಅದೇ ಸಂಸ್ಥೆಯ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವವರು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ. ಕುಂಭರಾಶಿಯ ಟ್ರ್ಯಾಪಿಸ್ಟ್-1 ಎಂಬ ಅತಿ ಚಿಕ್ಕ ಕೆಂಪು ನಕ್ಷತ್ರದ ಸುತ್ತ ಭೂಮಿಯ ಗಾತ್ರದ ಗ್ರಹಗಳಿವೆ ಎಂಬ 2016ರ ಶೋಧದಲ್ಲಿ ಬೆಳಕು ತಗ್ಗಿದ್ದನ್ನು ದಾಖಲಿಸಿದ ದೂರದರ್ಶಕಗಳಲ್ಲಿ ಇದೂ ಒಂದು. ಮರುವರ್ಷ ಆ ಗ್ರಹಗಳ ಸಂಖ್ಯೆ ಏಳಕ್ಕೇರಿತು.

ಹೊಸೂರು, ಕೃಷ್ಣಗಿರಿ ಕಡೆಯ ಕನ್ನಡ ಮನೆಗಳಿಗೆ ಕಾವಲೂರು ದೂರದ ಊರಲ್ಲ. ವಾಣಿಯಂಬಾಡಿಯಿಂದ ಬೆಟ್ಟದ ಕಡೆಗೆ ತಿರುಗಿದರೆ ಕಾಡಿನ ನಡುವೆ ಅದರ ಗುಮ್ಮಟಗಳು ಸಿಗುತ್ತವೆ. ನಿಗದಿತ ದಿನಗಳಲ್ಲಿ ಸಾರ್ವಜನಿಕರಿಗೂ ಪ್ರವೇಶವಿದೆ. ಹೊರಡುವ ಮುನ್ನ ಮಕ್ಕಳು ಮೇಲಿನ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬಹುದು. ಅದರಲ್ಲಿರುವುದು ಕೋನ, ದೂರ, ವರ್ಗಮೂಲ. ಮೂರೂ ಕನ್ನಡದ ಗಣಿತ ಪುಸ್ತಕದಲ್ಲಿಯೇ ಇವೆ. ದೂರವನ್ನು 33ರ ಬದಲು 32 ಜ್ಯೋತಿರ್ವರ್ಷವೆಂದು ಇಟ್ಟುಕೊಂಡು ಗ್ರಹ ಎಷ್ಟು ಕಿರಿದಾಯಿತೆಂದು ತಂದೆತಾಯಿಯರಿಗೆ ಹೇಳಲಿ. ಉತ್ತರ ಬಂದಾಗ, ಯಾರೂ ಕಣ್ಣಾರೆ ಕಾಣದ ಒಂದು ಗ್ರಹದ ಗಾತ್ರವನ್ನು ಆ ಮಗು ತಾನೇ ತಿದ್ದಿದಂತಾಗುತ್ತದೆ.